ಗುಡ್ಡ ನೋಡಲು ಹೊರಟವರು ಪೇಟೆಯಲ್ಲೂ ಒಂದು ರಾತ್ರಿ ಇದ್ದು ಬನ್ನಿ

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮೂರುಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂದೇ ಬರುತ್ತದೆ. 'ಟಿಟಿ ಬುಕ್ ಆಗಿದೆ, ಇನ್ನೂ ನಾಲ್ಕು ಸೀಟು ಖಾಲಿ. ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಡೋದು, ಭಾನುವಾರ ರಾತ್ರಿ ವಾಪಸ್. ಸಿಗಂದೂರು, ಜೋಗ, ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ.' ಎರಡೇ ಹಗಲಲ್ಲಿ ಆರು ಜಾಗ.

ನಾವೂ ಇಂಥ ಗಾಡಿಯಲ್ಲಿ ಹೋದವರೇ. ಬಂದ ಮೇಲೆ ಏನು ನೆನಪಿದೆ ಎಂದು ನಮ್ಮನಮ್ಮಲ್ಲೇ ಕೇಳಿಕೊಂಡೆವು. ದರ್ಶನದ ಸಾಲು ನೆನಪಿದೆ. ಘಾಟಿಯ ತಿರುವಿನಲ್ಲಿ ಹಿಂದಿನ ಸೀಟಿನ ಅಜ್ಜಿ ವಾಂತಿ ಮಾಡಿಕೊಂಡದ್ದು ನೆನಪಿದೆ. 'ಬೇಗ ಬೇಗ ಹತ್ತಿ, ಲೇಟಾಯ್ತು' ಎಂದು ಡ್ರೈವರ್ ಹಾರ್ನ್ ಬಾರಿಸಿದ್ದು ನೆನಪಿದೆ. ಊರು ಹೇಗಿತ್ತು, ಅಲ್ಲಿಯವರು ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಬೆಟ್ಟ ನೋಡಿದ್ದೇವೆ, ದೇವರನ್ನು ನೋಡಿದ್ದೇವೆ. ನಡುವೆ ಸಿಕ್ಕ ಪೇಟೆಗಳನ್ನು ಕಿಟಕಿಯಿಂದ ದಾಟಿಬಿಟ್ಟಿದ್ದೇವೆ.

ಹಾಗಾಗಿ ಈ ಸಲ ನಾವು ನಾಲ್ವರು ಗಾಡಿ ಮಾಡಲಿಲ್ಲ. ನಮ್ಮಲ್ಲಿ ಇಬ್ಬರು ಬಯಲುಸೀಮೆಯವರು, ಇಬ್ಬರು ಮಲೆನಾಡಿನ ಮನೆಯವರು. ಸೋಮವಾರ ಹೊರಟು ವಾರವಿಡೀ ಬಸ್ಸಿನಲ್ಲೇ ಸುತ್ತಿದೆವು, ಪೇಟೆಗಳಲ್ಲೇ ಉಳಿದೆವು. ತಿರುಗಿ ಬಂದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಮಲೆನಾಡಿನಲ್ಲಿ ನೋಡಬೇಕಾದ್ದು ಗುಡ್ಡದ ತುದಿಯಷ್ಟೇ ಅಲ್ಲ, ಗುಡ್ಡದ ಬುಡದ ಪೇಟೆಯೂ ಹೌದು. ಆ ಪೇಟೆಗಳನ್ನು ಹೀಗೇ ದಾಟಿ ಹೋಗುತ್ತಿದ್ದರೆ ನಷ್ಟ ಪೇಟೆಯವರಿಗೂ ಇದೆ, ಸುತ್ತಲಿನ ಹಳ್ಳಿಯವರಿಗೂ ಇದೆ. ಅದು ಯಾಕೆ ಎಂದು ಹೇಳುವುದಕ್ಕೇ ಈ ಬರಹ.

ತೀರ್ಥಹಳ್ಳಿ: ಹೊಳೆಯೇ ಊರಿನ ಜಗಲಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಬಸ್ಸು ಇಳಿದು ಸ್ವಲ್ಪ ನಡೆದರೆ ತುಂಗಾ ಹೊಳೆ. ಪರಶುರಾಮ ತನ್ನ ಕೊಡಲಿಯ ರಕ್ತದ ಕಲೆ ತೊಳೆದದ್ದು ಇಲ್ಲೇ ಎಂದು ಊರವರು ಹೇಳುತ್ತಾರೆ. ಹೊಳೆಯಲ್ಲಿ ಬಂಡೆಗಳ ನಡುವೆ ಕಲ್ಲಿನ ರಾಮ ಮಂಟಪವಿದೆ. ಎಳ್ಳಮಾವಾಸ್ಯೆಗೆ ಇಲ್ಲಿ ಜಾತ್ರೆ, ತೀರ್ಥಸ್ನಾನ, ತೇರು, ತೆಪ್ಪೋತ್ಸವ. ಜಾತ್ರೆ ಇಲ್ಲದ ದಿನ ಹೋದರೂ ಹೊಳೆಯ ದಂಡೆ ಖಾಲಿ ಇರುವುದಿಲ್ಲ. ಸಂಜೆ ಹೊತ್ತು ಕಾಲೇಜು ಹುಡುಗರು, ಅಂಗಡಿ ಬಾಗಿಲು ಹಾಕಿದವರು, ಬಸ್ಸಿಗೆ ಹೊತ್ತಿದೆ ಎಂದು ಬಂದ ಹಳ್ಳಿಯವರು ಅಲ್ಲೇ ಕೂತಿರುತ್ತಾರೆ. ನಾವೂ ಅಲ್ಲಿ ಒಂದು ತಾಸು ಕೂತೆವು. ಟಿಕೆಟ್ ಇಲ್ಲ, ಗೇಟು ಇಲ್ಲ.

ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಕುಪ್ಪಳಿ. ಕುವೆಂಪು ಬಾಲ್ಯ ಕಳೆದ ತೊಟ್ಟಿಮನೆ ಈಗ ಕವಿಮನೆ ಎಂಬ ಮ್ಯೂಸಿಯಂ. ಶಾಲೆಯಲ್ಲಿ ಅವರ ಪದ್ಯ ಬಾಯಿಪಾಠ ಮಾಡಿದ ನಮಗೆ ಆ ಮನೆಯಲ್ಲಿ ಹೆಚ್ಚು ಹಿಡಿಸಿದ್ದು ಅಡುಗೆಮನೆ ಮತ್ತು ಹಳೆಯ ಕಾಲದ ಪಾತ್ರೆ ಪಡಗ, ಕೃಷಿ ಸಾಮಾನು. ಇಂಥ ಸಾಮಾನು ನಮ್ಮ ಅಜ್ಜಿಯರ ಕಾಲದಲ್ಲಿ ನಮ್ಮ ಮನೆಗಳಲ್ಲೂ ಇತ್ತು, ಗುಜರಿಗೆ ಹೋಯಿತು. ಮೇಲಿನ ಗುಡ್ಡದಲ್ಲಿ ಕವಿಶೈಲ. ಕುವೆಂಪು ಅವರ ಸಮಾಧಿ ಅಲ್ಲೇ ಇದೆ. ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ: ಇಲ್ಲಿಗೆ ಅರ್ಧ ಗಂಟೆ ಕೊಡಬೇಡಿ, ಅರ್ಧ ದಿನ ಕೊಡಿ.

ಕೊಪ್ಪ: ಬಸ್ಸು ಕಟ್ಟಿದ ಊರು

ಕೊಪ್ಪದಲ್ಲಿ ಫೋಟೋ ತೆಗೆಯುವಂಥದ್ದು ಏನಿದೆ ಎಂದು ಯಾರಾದರೂ ಕೇಳಬಹುದು. ನಮಗೆ ಈ ಊರು ಬೇಕಾದದ್ದು ಅದರ ಕಥೆಗಾಗಿ.

ಈ ಭಾಗದಲ್ಲಿ ಓಡುತ್ತಿದ್ದ ಖಾಸಗಿ ಬಸ್ ಕಂಪನಿಯೊಂದು ನಿಂತುಹೋದಾಗ ಅದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಮನೆಗೆ ಹೋಗಿ ಕೂರಲಿಲ್ಲ. 1991ರಲ್ಲಿ ತಾವೇ ಸೇರಿ ಸಂಘ ಕಟ್ಟಿ ಬಸ್ಸು ಓಡಿಸಿದರು. ಅದೇ ಸಹಕಾರ ಸಾರಿಗೆ. ಕಾರ್ಮಿಕರೇ ಮಾಲೀಕರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಕಳಸದ ಸುತ್ತಿನ ಎಷ್ಟೋ ಹಳ್ಳಿಗಳಿಗೆ ಬೇರೆ ಬಸ್ಸು ಹೋಗದಿದ್ದ ಕಾಲದಲ್ಲಿ ಈ ಬಸ್ಸು ಹೋಯಿತು. ಶಾಲೆ ಮಕ್ಕಳಿಗೆ ರಿಯಾಯಿತಿ ಕೊಟ್ಟಿತು. ಸುಮಾರು ಮೂರು ದಶಕ ನಡೆದ ಈ ಸಂಸ್ಥೆ ನಷ್ಟ ತಡೆಯಲಾರದೆ 2020ರಲ್ಲಿ, ಲಾಕ್‌ಡೌನ್‌ಗೂ ಸ್ವಲ್ಪ ಮೊದಲೇ ನಿಂತಿತು.

ನಾವು ಪತ್ರಿಕೋದ್ಯಮ ಓದುವಾಗ ಸಹಕಾರದ ಬಗ್ಗೆ ಉದಾಹರಣೆ ಕೊಡಿ ಎಂದರೆ ದೂರದ ಗುಜರಾತಿನ ಹಾಲು ಸಂಘದ ಹೆಸರು ಬರೆಯುತ್ತಿದ್ದೆವು. ಪಕ್ಕದಲ್ಲೇ ಇಂಥದ್ದು ಇತ್ತು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಈಗಲೂ ಹಿರಿಯರನ್ನು 'ಸಹಕಾರ ಸಾರಿಗೆ' ಎಂದು ಕೇಳಿ ನೋಡಿ. ಯಾವ ಬಸ್ಸು ಎಷ್ಟು ಗಂಟೆಗೆ ಯಾವ ತಿರುವಿನಲ್ಲಿ ನಿಲ್ಲುತ್ತಿತ್ತು ಎಂದು ಬೆರಳು ಮಡಿಚಿ ಹೇಳುತ್ತಾರೆ.

ಈ ಕಥೆ ಯಾಕೆ ಹೇಳಿದೆವು ಎಂದರೆ, ಮಲೆನಾಡಿನ ಪೇಟೆ ನಿಂತಿರುವುದೇ ಬಸ್ಸಿನ ಮೇಲೆ. ಅಲ್ಲಿ ಮನೆಗಳು ದೂರ ದೂರ. ತೋಟದ ನಡುವೆ ಒಂದೊಂದು ಮನೆ. ಬೆಳಿಗ್ಗೆ ಬಸ್ಸು ಹತ್ತಿ ಪೇಟೆಗೆ ಬಂದು, ಸೊಸೈಟಿ, ಬ್ಯಾಂಕು, ಆಸ್ಪತ್ರೆ, ಕಿರಾಣಿ ಎಲ್ಲ ಮುಗಿಸಿ ಸಂಜೆ ಬಸ್ಸಿಗೆ ಮನೆಗೆ ಹೋಗಬೇಕು. ಒಂದು ಟ್ರಿಪ್ ನಿಂತರೆ ಆ ದಾರಿಯ ಜನ ಪೇಟೆಗೆ ಬರುವುದು ಕಡಿಮೆಯಾಗುತ್ತದೆ. ಜನ ಕಡಿಮೆಯಾದರೆ ಹೋಟೆಲು, ದರ್ಜಿ ಅಂಗಡಿ, ಪುಸ್ತಕದ ಅಂಗಡಿ ಒಂದೊಂದಾಗಿ ಬಾಗಿಲು ಹಾಕುತ್ತವೆ.

ಶೃಂಗೇರಿ: ಟಿಟಿಗಳು ಹೋದ ಮೇಲೆ

ಶೃಂಗೇರಿಗೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. ಶಾರದೆಯ ದರ್ಶನ, 1338ರ ವಿದ್ಯಾಶಂಕರ ದೇವಸ್ಥಾನ, ಅದರೊಳಗಿನ ಹನ್ನೆರಡು ರಾಶಿಯ ಕಂಬಗಳು, ತುಂಗೆಯ ಮೀನು. ಇಷ್ಟಕ್ಕೆ ಎರಡು ಗಂಟೆ. ಆಮೇಲೆ ಗಾಡಿ ಹೊರನಾಡಿಗೆ.

ನಾವು ಅಲ್ಲಿ ರಾತ್ರಿ ಉಳಿದೆವು. ಕತ್ತಲಾಗುವ ಹೊತ್ತಿಗೆ ಗಾಡಿಗಳೆಲ್ಲ ಹೊರಟಿದ್ದವು, ಭಾರತೀ ಬೀದಿ ಊರವರಿಗೇ ಉಳಿದಿತ್ತು. ಬೆಳಿಗ್ಗೆ ಎದ್ದು ಊರ ನಡುವಿನ ಗುಡ್ಡದ ಮೇಲಿರುವ ಮಲಹಾನಿಕರೇಶ್ವರ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಿದೆವು. ಬೆಳಗಿನ ಮಂಜಿನಲ್ಲಿ ಅಲ್ಲಿಗೆ ಬರುವವರು ಹೆಚ್ಚಾಗಿ ಊರವರೇ. ಆಮೇಲೆ ಲೋಕಲ್ ಬಸ್ಸಿಗೆ ಕಿಗ್ಗಕ್ಕೆ. ಅಲ್ಲಿಯ ಋಷ್ಯಶೃಂಗ ಮಳೆಯ ದೇವರು. ಮಳೆ ಬಾರದಿದ್ದರೆ ಇಲ್ಲಿ ಪೂಜೆ ಮಾಡಿಸುತ್ತಾರೆ, ಮಳೆ ಹೆಚ್ಚಾಗಿ ನಿಲ್ಲದಿದ್ದರೂ ಇಲ್ಲಿಗೇ ಬರುತ್ತಾರೆ. ಮುಂಗಾರು ಕೈಕೊಟ್ಟ ವರ್ಷ ಆಕಾಶ ನೋಡುತ್ತ ಕೂರುವ ನಮ್ಮ ಬಯಲುಸೀಮೆ ಗೆಳೆಯ ಇಲ್ಲಿ ಉಳಿದವರಿಗಿಂತ ಹೆಚ್ಚು ಹೊತ್ತು ಕೈ ಮುಗಿದು ನಿಂತಿದ್ದ.

ಕಳಸ, ಮತ್ತು ಪಕ್ಕದ ಒಂದು ಖಾಲಿ ಊರು

ಬಾಳೆಹೊನ್ನೂರಿನ ಮೇಲೆ ಕಳಸಕ್ಕೆ ಹೋಗುವ ದಾರಿಯಲ್ಲಿ ಭದ್ರೆ ಜೊತೆಜೊತೆಗೆ ಬರುತ್ತಾಳೆ. ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠವಿದೆ. ಅದರ ಸಮೀಪದಲ್ಲೇ, 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವೂ ಇದೆ. ನಾವು ಕುಡಿಯುವ ಕಾಫಿಯ ಎಷ್ಟೋ ತಳಿಗಳು ಇಲ್ಲಿಂದ ಬಂದವು.

ಕಳಸ ಸಣ್ಣ ಊರು. ಕಳಸೇಶ್ವರ ದೇವಸ್ಥಾನ ಎತ್ತರದಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕು. ಹತ್ತಿರದ ಅಂಬಾತೀರ್ಥದಲ್ಲಿ ಭದ್ರೆ ಬಂಡೆಗಳ ನಡುವೆ ಹರಿಯುತ್ತಾಳೆ. ಅಲ್ಲಿರುವ ದೊಡ್ಡ ಬಂಡೆಯೊಂದನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಎಂಬ ಕಥೆ ಇದೆ. ಹೊರನಾಡಿಗೆ ಹೋಗುವವರು ಕಳಸವನ್ನು ದಾಟಿಯೇ ಹೋಗುತ್ತಾರೆ, ಆದರೆ ಹೆಚ್ಚಿನವರು ಇಳಿಯುವುದಿಲ್ಲ. ನಡುವೆ ಹೆಬ್ಬಾಳೆ ಸೇತುವೆ. ಮಳೆಗಾಲದಲ್ಲಿ ಭದ್ರೆ ತುಂಬಿದಾಗ ಟಿವಿಯಲ್ಲಿ 'ಸೇತುವೆ ಮುಳುಗಡೆ, ಸಂಪರ್ಕ ಕಡಿತ' ಎಂದು ಬರುತ್ತಿದ್ದದ್ದು ಇದರದ್ದೇ ಸುದ್ದಿ.

ಕಳಸದಿಂದ ಕುದುರೆಮುಖಕ್ಕೆ ಬಸ್ಸಿನಲ್ಲಿ ಹೆಚ್ಚು ಹೊತ್ತಿಲ್ಲ. ಕಬ್ಬಿಣದ ಅದಿರಿನ ಗಣಿಗಾಗಿ ಕಾಡಿನ ನಡುವೆ ಕಟ್ಟಿದ ಊರು ಅದು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಅಂಗಡಿ ಸಾಲು ಎಲ್ಲ ಇದ್ದ ಊರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಜನ ಹೊರಟರು. ಈಗ ಬಹಳಷ್ಟು ಮನೆಗಳು ಖಾಲಿ, ಗೋಡೆಯ ಮೇಲೆ ಪಾಚಿ. ಗಣಿ ನಿಂತದ್ದು ಕಾಡಿಗೂ ಭದ್ರೆಗೂ ಒಳ್ಳೆಯದೇ ಆಯಿತು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಒಂದೇ ಆದಾಯವನ್ನು ನಂಬಿದ ಊರಿನ ಗತಿ ಏನಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಅಲ್ಲಿಂದ ತಿರುಗಿ ಬರುವಾಗ ನಮಗೆ ಕಾಡಿದ ಪ್ರಶ್ನೆ ಇದು. ಈಗ ಮಲೆನಾಡು ನಂಬಲು ಹೊರಟಿರುವ ಹೊಸ ಆದಾಯ ಪ್ರವಾಸೋದ್ಯಮ. ಅದೂ ವಾರಕ್ಕೆ ಎರಡೇ ದಿನದ್ದು.

ಹೋಂಸ್ಟೇ ಬೇಡ ಎನ್ನುತ್ತಿಲ್ಲ

ಇಲ್ಲಿ ನಮ್ಮ ಮಾತನ್ನು ತಪ್ಪು ತಿಳಿಯಬೇಡಿ. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಬಿದ್ದು ಶೃಂಗೇರಿ, ಕೊಪ್ಪ, ಕಳಸ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳು ಸೋತಿವೆ. ನಮ್ಮಲ್ಲೊಬ್ಬಳ ಸೋದರಮಾವ ತೋಟ ಕೈಬಿಟ್ಟಾಗ ಮನೆ ನಡೆದದ್ದು ಎರಡು ಕೋಣೆಯನ್ನು ಹೋಂಸ್ಟೇ ಮಾಡಿದ್ದರಿಂದ. ಬೆಂಗಳೂರಿನಿಂದ ವಾಪಸ್ ಬಂದ ಮಗನಿಗೆ ಕೆಲಸ ಸಿಕ್ಕಿತು, ಅತ್ತೆ ಮಾಡುವ ಕಡುಬು, ಪತ್ರೊಡೆ, ಕಳಲೆ ಪಲ್ಯಕ್ಕೆ ಬೆಲೆ ಬಂತು. ಅದನ್ನು ಬೇಡ ಎನ್ನಲು ನಾವು ಯಾರು?

ನಮ್ಮ ತಕರಾರು ಬೇರೆ. ಶನಿವಾರ ಕಾರುಗಳು ನೇರವಾಗಿ ಗುಡ್ಡದ ನೆತ್ತಿಗೆ, ಇಲ್ಲವೇ ಕಾಂಪೌಂಡು ಹಾಕಿದ ರೆಸಾರ್ಟಿಗೆ ಹೋಗುತ್ತವೆ. ಊಟ ಅಲ್ಲೇ, ಆಟ ಅಲ್ಲೇ. ಪೇಟೆಗೆ ಸಿಗುವುದು ಟ್ರಾಫಿಕ್ಕು ಮತ್ತು ಕಸ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಶಿಖರ. ಅದರ ಕಿರಿದಾದ ರಸ್ತೆಯಲ್ಲಿ ರಜಾ ದಿನ ಕಾರಿನ ಸಾಲು ನಿಂತು ನಿಂತು ಸಾಕಾಗಿ, ಜಿಲ್ಲಾಡಳಿತ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ ಬರಬೇಕು ಎಂಬ ನಿಯಮ ತರಬೇಕಾಯಿತು. ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಜನ ಮುಗಿಬಿದ್ದ ಮೇಲೆ ಚಾರಣಕ್ಕೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಎಲ್ಲರೂ ಅದೇ ನಾಲ್ಕು ಗುಡ್ಡಕ್ಕೆ, ಅದೇ ಎರಡು ದಿನ ಹೋದರೆ ಆಗುವುದೇ ಇದು.

ಪೇಟೆಗೆ ಈ ತೊಂದರೆ ಇಲ್ಲ. ನೂರು ಜನ ಹೆಚ್ಚು ಬಂದರೂ ಅದು ತಾಳಿಕೊಳ್ಳುತ್ತದೆ. ಸಂತೆಯ ದಿನ ಅದಕ್ಕಿಂತ ಹೆಚ್ಚು ಜನ ಬಂದು ಹೋಗುತ್ತಾರೆ. ನೀವು ಕೊಟ್ಟ ದುಡ್ಡು ಹೋಟೆಲಿನವನಿಗೆ, ಆಟೋದವನಿಗೆ, ಸೊಪ್ಪು ಮಾರುವ ಅಮ್ಮನಿಗೆ ಹಂಚಿಹೋಗುತ್ತದೆ. ಕಾಡಿನ ಹುಲ್ಲು ತುಳಿಯುವುದೂ ಇಲ್ಲ.

ಸಾಗರ: ಕೈಕೆಲಸ, ನಾಟಕ, ಉಪ್ಪಿನಕಾಯಿ

ಪೇಟೆಯಲ್ಲಿ ಎರಡು ದಿನ ಏನು ಮಾಡುವುದು ಎನ್ನುವವರು ಸಾಗರಕ್ಕೆ ಹೋಗಿ. ತಾಳಗುಪ್ಪಕ್ಕೆ ಹೋಗುವ ರೈಲು ಸಾಗರದ ಮೇಲೇ ಹೋಗುತ್ತದೆ. ದಾರಿಯಲ್ಲಿ ಅರಸಾಳು ಎಂಬ ಪುಟ್ಟ ಸ್ಟೇಷನ್ ಇದೆ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆದದ್ದು ಇದೇ. ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ.

ಸಾಗರದಲ್ಲಿ ಗುಡಿಗಾರರ ಕೆತ್ತನೆ ನೋಡಿ. ಗಂಧದ ಮರ, ಶಿವನಿ ಮರದಲ್ಲಿ ತಲೆತಲಾಂತರದಿಂದ ಕೆತ್ತುತ್ತ ಬಂದ ಮನೆತನಗಳು. ಆರು ಕಿಲೋಮೀಟರ್ ಆಚೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಇನ್ನೊಂದು ದಿಕ್ಕಿಗೆ ಕೆಳದಿಯ ರಾಮೇಶ್ವರ. ಕೆಳದಿಯಲ್ಲಿ ತಲೆ ಎತ್ತಿ ನೋಡಿದರೆ ಚಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ ಕಾಣುತ್ತದೆ. ಹೆಗ್ಗೋಡಿನಲ್ಲಿ ನೀನಾಸಂ. 1949ರಲ್ಲಿ ಹಳ್ಳಿಯವರೇ ಶುರು ಮಾಡಿದ ನಾಟಕ ಸಂಘ ಇಂದು ದೇಶಕ್ಕೇ ಗೊತ್ತಿರುವ ರಂಗಶಾಲೆಯಾಗಿದೆ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪಕ್ಕದ ಭೀಮನಕೋಣೆಯಲ್ಲಿ ಚರಕ ಎಂಬ ಹೆಂಗಸರ ಸಹಕಾರ ಸಂಘ ಕೈಮಗ್ಗದ ಬಟ್ಟೆ ನೇಯುತ್ತದೆ, ಅಡಿಕೆಯಂಥ ಗಿಡಮೂಲದ ಬಣ್ಣ ಹಾಕುತ್ತದೆ. ಮನೆಗೆ ಮರಳುವಾಗ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಭರಣಿ ಕೊಂಡರೆ ವರ್ಷವಿಡೀ ಮಲೆನಾಡು ನೆನಪಿಗೆ ಬರುತ್ತದೆ.

ಸಿಗಂದೂರಿನ ದಾರಿಯಲ್ಲೂ ಒಂದು ಪಾಠವಿದೆ. ಲಿಂಗನಮಕ್ಕಿ ಹಿನ್ನೀರು ಬಂದು ದ್ವೀಪದಂತಾದ ತುಮರಿ ಭಾಗದ ಜನ ಆಸ್ಪತ್ರೆಗೆ, ಕಾಲೇಜಿಗೆ ಲಾಂಚ್ ಕಾಯುತ್ತ ದಶಕಗಟ್ಟಲೆ ಸೇತುವೆ ಕೇಳಿದರು. 2025ರ ಜುಲೈ 14ರಂದು 2.44 ಕಿಲೋಮೀಟರಿನ ತೂಗು ಸೇತುವೆ ಉದ್ಘಾಟನೆಯಾಯಿತು. ಸೆಲ್ಫಿಗೆ ಬರುವವರಿಗೆ ಅದು ಚಂದದ ಜಾಗ. ಊರವರಿಗೆ ಅದು ರಾತ್ರಿ ಹೊತ್ತು ಬಸುರಿಯನ್ನು ಆಸ್ಪತ್ರೆಗೆ ಸೇರಿಸುವ ದಾರಿ. ಊರಿಗೆ ಬೇಕಾದದ್ದನ್ನು ಮೊದಲು ಮಾಡಿದರೆ ಪ್ರವಾಸಿಗೂ ಅದು ಸಿಕ್ಕೇ ಸಿಗುತ್ತದೆ.

ಮೊದಲು ಬಸ್ಸು, ಆಮೇಲೆ ವ್ಯೂ ಪಾಯಿಂಟ್

ವಾರದ ಸುತ್ತಾಟದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಕೀ ಎಲ್ಲಿ ಎಂದು ಕೇಳಿದರೆ ಎದುರಿನ ಅಂಗಡಿ ತೋರಿಸಿದರು. ಅಂಗಡಿಯವರು ಊಟಕ್ಕೆ ಹೋಗಿದ್ದರು. ನಮ್ಮಿಬ್ಬರು ಹುಡುಗಿಯರ ಜೊತೆ ಅಲ್ಲೇ ಕಾಯುತ್ತಿದ್ದದ್ದು ಆಸ್ಪತ್ರೆಗೆ ಬಂದ ಸಕ್ಕರೆ ಕಾಯಿಲೆಯ ಒಬ್ಬ ಅಮ್ಮ. 'ನಾನು ಪೇಟೆಗೆ ಬರೋ ದಿನ ಬೆಳಿಗ್ಗೆಯಿಂದ ನೀರೇ ಕುಡಿಯೋದಿಲ್ಲ ಮಗಾ' ಎಂದರು. ನಮಗೆ ಅದು ಒಂದು ದಿನದ ತೊಂದರೆ. ಅವರಿಗೆ ಅದು ಪ್ರತಿ ಸಲದ್ದು.

ಇನ್ನೊಂದು ಮಾತು ಶಕ್ತಿ ಯೋಜನೆಯದು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬಯಲುಸೀಮೆಯ ನಮ್ಮ ಅಕ್ಕಂದಿರು ಇದರಿಂದ ಊರೂರು ನೋಡಿ ಬಂದಿದ್ದಾರೆ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಅಲ್ಲಿಯ ಕೂಲಿ ಹೆಣ್ಣುಮಗಳು ಈಗಲೂ ಪೂರ್ತಿ ಟಿಕೆಟ್ ಕೊಟ್ಟೇ ಪೇಟೆಗೆ ಬರುತ್ತಾಳೆ.

ಪ್ರವಾಸೋದ್ಯಮ ಎಂದರೆ ಗಾಜಿನ ಸೇತುವೆ, ರೋಪ್‌ವೇ, ವ್ಯೂ ಪಾಯಿಂಟಿಗೆ ಕಾಂಕ್ರೀಟು ಎಂದೇ ಆಳುವವರು ತಿಳಿದಿದ್ದಾರೆ. ನಮ್ಮ ಪಟ್ಟಿ ಚಿಕ್ಕದು. ಒಳದಾರಿಗಳಿಗೆ ದಿನಕ್ಕೆರಡು ಸರ್ಕಾರಿ ಬಸ್ಸು. ಬೀಗವಿಲ್ಲದ, ನೀರಿರುವ ಶೌಚಾಲಯ. ಬಸ್ ಸ್ಟ್ಯಾಂಡಿನಲ್ಲಿ ಓದಲು ಬರುವಂತೆ ಬರೆದ ವೇಳಾಪಟ್ಟಿ. ಕಸದ ಗಾಡಿ ಭಾನುವಾರವೂ ಬರುವುದು. ಇವು ಪ್ರವಾಸಿಗೆ ಬೇಕು, ಊರವರಿಗೆ ಅದಕ್ಕಿಂತ ಹೆಚ್ಚು ಬೇಕು. ಇದಕ್ಕೆ ಕೋಟಿಗಟ್ಟಲೆ ಬೇಡ, ಗ್ರಾಮಸಭೆಯಲ್ಲೂ ಪಟ್ಟಣ ಪಂಚಾಯಿತಿಯಲ್ಲೂ ಬಿಡದೆ ಕೇಳುವವರು ಬೇಕು.

ಮುಂದಿನ ಸಲ ಹೊರಡುವಾಗ

ಬಯಲುಸೀಮೆಯವರೇ, ಮುಂದಿನ ಸಲ ಆರು ಜಾಗದ ಪಟ್ಟಿಯಲ್ಲಿ ನಾಲ್ಕು ತೆಗೆದುಬಿಡಿ. ತೀರ್ಥಹಳ್ಳಿ-ಶೃಂಗೇರಿ ಸಾಕು. ಇಲ್ಲವೇ ಸಾಗರ ಒಂದೇ ಸಾಕು. ಆದರೆ ವಾರದ ನಡುವೆ ಹೋಗಿ, ಪೇಟೆಯ ಲಾಡ್ಜಿನಲ್ಲೋ ಮಠದ ಛತ್ರದಲ್ಲೋ ಉಳಿಯಿರಿ. ಸಂತೆ ಯಾವ ದಿನ ಎಂದು ಕೇಳಿಕೊಂಡು ಆ ದಿನ ಹೋದರೆ ಇನ್ನೂ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯಲ್ಲಿ ಗುಡ್ಡ ಕುಸಿಯುವುದುಂಟು, ಹೊರಡುವ ಮೊದಲು ದಾರಿ ತೆರೆದಿದೆಯೇ ನೋಡಿಕೊಳ್ಳಿ. ಊಟದ ಎಲೆ, ಪ್ಲಾಸ್ಟಿಕ್ ಬಾಟಲಿ ಹೊಳೆ ದಂಡೆಯಲ್ಲಿ ಬಿಡಬೇಡಿ. ತುಂಗೆ, ಭದ್ರೆ ಸೇರಿ ನಮ್ಮೂರ ಕಾಲುವೆಗೇ ಬರುವ ನೀರು ಅದು.

ಮಲೆನಾಡಿನವರೇ, ನಿಮ್ಮ ಮನೆಗೆ ಬಂದ ಅತಿಥಿಗಳನ್ನು ಜೀಪಿನಲ್ಲಿ ಗುಡ್ಡಕ್ಕೆ ಕಳಿಸುವ ಮೊದಲು ಒಂದು ಸಂಜೆ ನಿಮ್ಮ ಪೇಟೆಗೆ ಕರೆದುಕೊಂಡು ಹೋಗಿ. ನಿಮಗೆ ದಿನಾ ನೋಡಿ ಸಪ್ಪೆಯಾದ ಹೋಟೆಲು, ಹೊಳೆ ಮೆಟ್ಟಿಲು, ಹಳೆಯ ಹೆಂಚಿನ ಅಂಗಡಿ ಸಾಲು ನಮಗೆ ಹೊಸದು.

ನಾವು ವಾಪಸ್ ಬಂದ ದಿನ ಮೊದಲು ಹೇಳಿದ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಟಿಟಿಯ ಮೆಸೇಜ್ ಬಂದಿತ್ತು. ಅದೇ ಆರು ಜಾಗ. ನಮ್ಮ ಗೆಳೆಯ ಕೆಳಗೆ ಬರೆದ: 'ಕಳಸದಲ್ಲಿ ಒಂದು ರಾತ್ರಿ ನಿಲ್ಲಿಸ್ತೀರಾದ್ರೆ ನಮ್ಮವ್ವಂಗೆ ಒಂದು ಸೀಟು ಇಡಿ.' ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಅಲ್ಲೇನಿದೆಯೋ?' ಅವನಿಗೆ ಉತ್ತರ ಕೊಡಲು ಕೂತಾಗಲೇ ಇದನ್ನೆಲ್ಲ ಬರೆದೆವು.